ಫಾರಂ-4ರಿಂದ ಶುರುವಾದ ಸುಧಾರಣೆ

ನಗರ ಸಾರಿಗೆ ನಿಗಮದ ಆಡಳಿತ ಸುಧಾರಣೆ ಅಂದರೆ ಎಲ್ಲರ ಕಣ್ಣೂ ಆಡಳಿತ ಮಂಡಳಿಯ ಮೇಲೆ. ನಾವು ಮೊದಲು ಕೈಹಾಕಿದ್ದು ಫಾರಂ-4ಕ್ಕೆ, ಅಂದರೆ ಶೆಡ್ಯೂಲಿನ ಯಾವ ಟ್ರಿಪ್ ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವ ಹಾಳೆಗೆ.

ಒಂದು ರೂಟಿನಲ್ಲಿ ಹೋಗಿಬರಲು, ಕೊನೆಯಲ್ಲಿ ನಿಲ್ಲುವ ಹೊತ್ತೂ ಸೇರಿ, 120 ನಿಮಿಷ ಎಂದಿತ್ತು. ನಾಲ್ಕು ವಾರದ ಜಿಪಿಎಸ್ ದಾಖಲೆ ತೆಗೆದು, ಭಾನುವಾರ, ಹಬ್ಬಗಳನ್ನು ಬಿಟ್ಟು, ಅರ್ಧರ್ಧ ಗಂಟೆಗೆ ವಿಂಗಡಿಸಿದೆವು. ಸರಾಸರಿ ಹಿಡಿಯಬಾರದು, ಹಿಡಿದರೆ ಹೆಚ್ಚುಕಡಿಮೆ ಅರ್ಧ ಟ್ರಿಪ್‌ಗಳು ತಡವೇ. ನೂರಕ್ಕೆ 85 ಟ್ರಿಪ್ ಮುಗಿಯುವ ಅವಧಿ ಹಿಡಿದೆವು. ಮೊದಲ ಲೆಕ್ಕ ತಪ್ಪಿತು: ನಿಲ್ದಾಣದೊಳಗೆ ಜಾಗಕ್ಕೆ ಕಾದ ಹೊತ್ತೂ ಓಟದ ಸಮಯಕ್ಕೆ ಸೇರಿತ್ತು. ಅದನ್ನು ಕಳೆದರೂ ಸಂಜೆಗೆ 160 ನಿಮಿಷ ಬೇಕಿತ್ತು.

10 ನಿಮಿಷಕ್ಕೊಂದು ಬಸ್ ಬಿಡಲು 120ಕ್ಕಾದರೆ 12 ಬಸ್ ಸಾಕು, 160ಕ್ಕೆ 16 ಬೇಕು. ಈ ನಾಲ್ಕು ಬಸ್ಸಿನ ಕೊರತೆಯನ್ನು ಡಿಪೋ ಟ್ರಿಪ್ ಕಟ್ ಮಾಡಿ ಸರಿದೂಗಿಸುತ್ತಿತ್ತು. ಡಿಪೋ ಮ್ಯಾನೇಜರನ್ನು ಅಳೆಯುತ್ತಿದ್ದುದು ಕಿಲೋಮೀಟರಿಗೆ ಬಂದ ಆದಾಯದಿಂದ, ಹಾಗಾಗಿ ಕಲೆಕ್ಷನ್ ಕಡಿಮೆಯ ರಾತ್ರಿ ಟ್ರಿಪ್ಪೇ ಮೊದಲು ಹೋಗುತ್ತಿತ್ತು. ಸೆಕೆಂಡ್ ಶಿಫ್ಟ್ ಮುಗಿಸಿ ಸ್ಟಾಪಿನಲ್ಲಿ ನಿಂತ ಹೆಣ್ಣುಮಕ್ಕಳಿಗೆ ಅದೇ ಕೊನೆಯ ಬಸ್ಸು.

ಇಲ್ಲಿಂದ ವಿಷಯ ಮಂಡಳಿಗೆ ಹೋಯಿತು. ಒಂದೇ ಪುಟದ ಟಿಪ್ಪಣಿ: ಇನ್ನೂ ನಾಲ್ಕು ಬಸ್ ಕೊಡಿ, ಇಲ್ಲವೇ ಸಂಜೆ 13-14 ನಿಮಿಷಕ್ಕೊಂದು ಬಸ್ ಎಂದು ಒಪ್ಪಿ ಸಹಿ ಮಾಡಿ. ಇದು ಡಿಪೋ ತೀರ್ಮಾನಿಸುವ ವಿಷಯವಲ್ಲ. ಡಿಪೋವನ್ನು ಅಳೆಯುವ ಲೆಕ್ಕಕ್ಕೆ ಕಟ್ ಮಾಡಿದ ಟ್ರಿಪ್‌ಗಳ ಪ್ರಮಾಣವನ್ನೂ ಸೇರಿಸಿ, ಮೊದಲ ಮತ್ತು ಕೊನೆಯ ಟ್ರಿಪ್ಪನ್ನು ಬೇರೆಯಾಗಿ ಎಣಿಸಿದೆವು.

ಇನ್ನು ಹೊರಗಿನಿಂದ ಬರುವ ಬಸ್ ಬೇಡಿಕೆಗಳು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಕಲಮು ನಿಗಮವನ್ನು ವ್ಯವಹಾರ ತತ್ವದ ಮೇಲೆ ನಡೆಸಿ ಎನ್ನುತ್ತದೆ. 34ನೆಯದು, ನಿಗಮದೊಡನೆ ಸಮಾಲೋಚಿಸಿ ಸರ್ಕಾರ ಸೂಚನೆ ಕೊಡಬಹುದು ಎನ್ನುತ್ತದೆ. ಫೋನಿನಲ್ಲಿ ಬರುವ "ಈ ಕಡೆಗೊಂದು ಬಸ್ ಹಾಕಿ" ಸಮಾಲೋಚನೆಯಲ್ಲ. ಅದಕ್ಕೊಂದು ರಿಜಿಸ್ಟರ್ ಇಟ್ಟೆವು: ಕೇಳಿದವರು ಯಾರು, ಪತ್ರದ ದಿನಾಂಕ, ಬಸ್ ಯಾವ ರೂಟಿನಿಂದ ತೆಗೆದದ್ದು, ಖರ್ಚು ಯಾರದು. ಮೂರನೇ ಕಾಲಂ ಖಾಲಿ ಇದ್ದರೆ ಕಡತ ಮುಂದಕ್ಕಿಲ್ಲ.

ಯೂನಿಯನ್‌ಗಳ ಜೊತೆ ಕೂರದೆ ಹೊಸ ಫಾರಂ-4 ಹೊರಡಿಸಬೇಡಿ. ಓಟದ ಸಮಯ ಹಿಗ್ಗಿದರೆ 8 ಗಂಟೆಯ ಡ್ಯೂಟಿಯಲ್ಲಿ ಹಿಡಿಸುವ ಟ್ರಿಪ್ ಕಡಿಮೆಯಾಗುತ್ತದೆ, ಓವರ್‌ಟೈಮ್ ಬದಲಾಗುತ್ತದೆ. 5 ಗಂಟೆಯ ಕೆಲಸ ಮೀರುವ ಮುನ್ನ ಸಿಗಬೇಕಾದ ಅರ್ಧ ಗಂಟೆ ವಿರಾಮ ಎಲ್ಲಿ ಬೀಳುತ್ತದೆ, ಅಲ್ಲಿ ಶೌಚಾಲಯ ಇದೆಯೇ ಎಂದು ಮೊದಲು ಕೇಳುವವರು ಡ್ರೈವರ್‌ಗಳೇ. ಆ ಜಾಗ ನೋಡಿಕೊಂಡು ಬಂದ ಮೇಲೇ ಹಾಳೆ ಅಚ್ಚಿಗೆ ಕಳಿಸಿದೆವು.