ನಲವತ್ತೆಂಟು ಗಂಟೆ ತಡೆದ ನೀರು

ತುಮಕೂರು ಜಿಲ್ಲೆಯ ಒಂದು ಕುಡಿಯುವ ನೀರಿನ ಘಟಕದಲ್ಲಿ ಹನ್ನೊಂದು ವರ್ಷಗಳಿಂದ ನಾನು ಸೂಕ್ಷ್ಮಜೀವಿ ಪರೀಕ್ಷೆಯ ಹೊಣೆ ಹೊತ್ತಿದ್ದೇನೆ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 1,200 ಮಿಲಿಗ್ರಾಂ ಆಸುಪಾಸಿನಲ್ಲಿದ್ದು, ಫ್ಲೋರೈಡ್ 2 ಮಿಲಿಗ್ರಾಂ ದಾಟುತ್ತದೆ. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ರೂಪಿಸಿರುವ ಐಎಸ್ 14543 ಮಾನದಂಡದ ಪ್ರಕಾರ ಬಾಟಲಿಗೆ ತುಂಬುವ ನೀರಿನಲ್ಲಿ ಟಿಡಿಎಸ್ 500 ಮಿಲಿಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ ಮೀರುವಂತಿಲ್ಲ. ಇವೆರಡನ್ನೂ ಆರ್‌ಒ ಯಂತ್ರ ಇಳಿಸುತ್ತದೆ. ಇಳಿದಿದೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಸೂಕ್ಷ್ಮಜೀವಿಗಳ ವಿಷಯದಲ್ಲಿ ಈ ಅನುಕೂಲವಿಲ್ಲ. ಅವು ಪ್ಲೇಟಿನ ಮೇಲೆ ಬೆಳೆದು ಕಣ್ಣಿಗೆ ಕಾಣುವವರೆಗೆ ಕಾಯಬೇಕು, ಅಷ್ಟರಲ್ಲಿ ಲಾರಿ ಗೇಟಿನ ಬಳಿ ಬಂದು ನಿಂತಿರುತ್ತದೆ.

ಪರೀಕ್ಷೆಯ ಕ್ರಮ ಹೀಗಿದೆ. ಪ್ರತಿ ಬ್ಯಾಚಿನಿಂದ ಬಾಟಲಿಗಳನ್ನು ಆರಿಸಿ, 250 ಮಿಲಿಲೀಟರ್ ನೀರನ್ನು 0.45 ಮೈಕ್ರಾನ್ ರಂಧ್ರದ ತೆಳುಪೊರೆಯ ಮೂಲಕ ಸೋಸಿ, ಆ ಪೊರೆಯನ್ನು ಪೋಷಕ ದ್ರವ್ಯದ ಪ್ಲೇಟಿನ ಮೇಲೆ ಇಟ್ಟು ಇನ್‌ಕ್ಯುಬೇಟರಿಗೆ ಸೇರಿಸುತ್ತೇನೆ. ಅಷ್ಟು ನೀರಿನಲ್ಲಿ ಇ. ಕೋಲಿ, ಕೋಲಿಫಾರ್ಮ್, ಸ್ಯೂಡೋಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾಗಳು ಒಂದೂ ಇರಕೂಡದು. ಇವುಗಳಲ್ಲಿ ಸ್ಯೂಡೋಮೊನಾಸ್ ಕಾಣಿಸಿಕೊಳ್ಳಲು ಸುಮಾರು 48 ಗಂಟೆ ಬೇಕು. ಇ. ಕೋಲಿ ಸಿಕ್ಕರೆ ಮಲದ ಸೋಂಕೆಂದು ತಿಳಿದು ಮೂಲವನ್ನು ಹುಡುಕಬಹುದು. ಸ್ಯೂಡೋಮೊನಾಸ್ ಹಾಗಲ್ಲ, ಅದು ಹೆಚ್ಚಿನ ಆಹಾರವಿಲ್ಲದ ಶುದ್ಧ ನೀರಿನಲ್ಲೂ ಬದುಕಿ, ಪೈಪು ಮತ್ತು ರಬ್ಬರಿನ ಒಳಮೈಗೆ ಲೋಳೆಯಂತೆ ಅಂಟಿಕೊಳ್ಳುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಗಂಭೀರ ಸೋಂಕು ತರಬಲ್ಲದು. ಕ್ಯಾನ್ ನೀರು ಆಸ್ಪತ್ರೆಗಳಿಗೂ ಹೋಗುತ್ತದೆ ಎಂಬುದನ್ನು ನಾನು ಒಂದು ದಿನವೂ ಮರೆತಿಲ್ಲ.

ಕೆಲಸಕ್ಕೆ ಸೇರಿದ ಮೂರನೆಯ ಬೇಸಿಗೆಯಲ್ಲಿ, ಬೇಡಿಕೆ ಏರಿದ್ದ ಏಪ್ರಿಲ್ ತಿಂಗಳಲ್ಲೇ, 20 ಲೀಟರಿನ ಜಾರ್‌ಗಳ ಪ್ಲೇಟಿನಲ್ಲಿ ಸ್ಯೂಡೋಮೊನಾಸ್‌ನ ಹಸಿರು ಛಾಯೆಯ ಚುಕ್ಕೆಗಳು ಮೂಡಿದವು. ಅದೇ ದಿನದ ಒಂದು ಲೀಟರ್ ಬಾಟಲಿಗಳ ಪ್ಲೇಟುಗಳು ಸ್ವಚ್ಛವಾಗಿದ್ದವು. ಎರಡಕ್ಕೂ ನೀರು ಒಂದೇ ಟ್ಯಾಂಕಿನಿಂದ ಬರುವುದರಿಂದ ದೋಷ ಜಾರ್ ತೊಳೆದು ತುಂಬುವ ಸಾಲಿನಲ್ಲೇ ಇರಬೇಕೆಂಬುದು ಸ್ಪಷ್ಟವಾಯಿತು. ಜಾರ್‌ಗಳನ್ನು ತಡೆಯಬೇಕೆಂದು ನಾನು ಬರೆದುಕೊಟ್ಟಾಗ ಘಟಕದ ಯಜಮಾನರು, “ಮೇಡಂ, ಓಜೋನ್ ಸ್ವಲ್ಪ ಜಾಸ್ತಿ ಬಿಟ್ಟರೆ ಆಗುವುದಿಲ್ಲವೇ?” ಎಂದು ಕೇಳಿದರು. ಓಜೋನ್ ನೀರಿನಲ್ಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಿಡುವ ಅನಿಲ; ಕೇಳಲು ಸುಲಭವಾದ ಪರಿಹಾರವೇ ಅದು. ಆದರೆ ಕೊಳವೆಬಾವಿಯ ನೀರಿನಲ್ಲಿರುವ ಬ್ರೋಮೈಡ್ ಓಜೋನಿನೊಂದಿಗೆ ಸೇರಿ ಬ್ರೋಮೇಟ್ ಆಗುತ್ತದೆ. ಕ್ಯಾನ್ಸರ್ ತರಬಹುದಾದ ವಸ್ತುವೆಂದು ಗುರುತಿಸಲಾಗಿರುವ ಅದಕ್ಕೆ ಮಾನದಂಡದ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಮೇಲಾಗಿ, ಓಜೋನ್ ಟ್ಯಾಂಕಿನಲ್ಲಿ ಎಷ್ಟೇ ಇದ್ದರೂ ಅದು ತಲುಪದ ಮೂಲೆಯಲ್ಲಿ ಕುಳಿತ ಜೀವಿಗೆ ಏನೂ ಆಗುವುದಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿದೆ; ಲಾರಿ ಖಾಲಿ ಹಿಂದಿರುಗಿತು.

ಎರಡು ದಿನ ಸಾಲಿನ ಒಂದೊಂದು ಕಡೆಯಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ಮಾದರಿ ತೆಗೆದೆವು. ತೊಳೆದ ಜಾರ್‌ಗೆ ಕೊನೆಯ ನೀರು ಹಾಯಿಸುವ ರಬ್ಬರ್ ಪೈಪಿನಲ್ಲಿ ದೋಷ ಸಿಕ್ಕಿತು. ರಾತ್ರಿ ಕೆಲಸ ನಿಂತ ಮೇಲೆ ಅದರ ಬಾಗಿದ ಭಾಗದಲ್ಲಿ ನೀರು ನಿಂತೇ ಇರುತ್ತಿತ್ತು. ಪೈಪನ್ನು ಎಸೆದು, ನೀರು ತಾನಾಗಿ ಬಸಿದುಹೋಗುವಂತೆ ಸ್ಟೀಲ್ ಕೊಳವೆಯನ್ನು ಇಳಿಜಾರಾಗಿ ಕೂರಿಸಿದೆವು. ಮನೆಗಳಿಂದ ಹಿಂತಿರುಗುವ ಜಾರ್‌ಗಳಲ್ಲಿ ಕೆಲವರು ಸೀಮೆಎಣ್ಣೆಯನ್ನೂ ಇಟ್ಟಿರುತ್ತಾರಾದ್ದರಿಂದ, ಪ್ರತಿಯೊಂದನ್ನೂ ಮೂಸಿ ನೋಡಿಯೇ ತೊಳೆಯಲು ಬಿಡುವ ಪದ್ಧತಿಯನ್ನು ಆಗಲೇ ಬಿಗಿ ಮಾಡಿದೆವು. ತಡೆದ ಜಾರ್‌ಗಳ ನೀರನ್ನು ಚರಂಡಿಗೆ ಹರಿಸಿ, ಸಂಖ್ಯೆ, ಕಾರಣ, ಕೈಗೊಂಡ ಕ್ರಮಗಳನ್ನು ದಾಖಲೆ ಪುಸ್ತಕದಲ್ಲಿ ಬರೆದೆ. ಆ ಪುಟವನ್ನು ಮುಂದಿನ ತಪಾಸಣೆಯಲ್ಲಿ ನಾನೇ ತೆರೆದು ತೋರಿಸಿದೆ.

ಎಲ್ಲ ಪರೀಕ್ಷೆಗಳೂ ನಮ್ಮ ಕೋಣೆಯಲ್ಲಿ ಆಗುವಂಥವಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2003ರಲ್ಲಿ ಬಾಟಲಿ ನೀರಿನಲ್ಲಿ ಕೀಟನಾಶಕದ ಉಳಿಕೆಯನ್ನು ಬಹಿರಂಗಪಡಿಸಿದ ನಂತರ ನಿಯಮ ಬಿಗಿಯಾಗಿ, ಒಂದೊಂದು ಕೀಟನಾಶಕಕ್ಕೆ ಲೀಟರಿಗೆ 0.0001, ಎಲ್ಲ ಸೇರಿ 0.0005 ಮಿಲಿಗ್ರಾಂ ಎಂಬ ಮಿತಿ ಬಂದಿತು. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಮಾದರಿಯನ್ನು ಮಾನ್ಯತೆ ಪಡೆದ ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ.

ಬಾಟಲಿ ನೀರಿಗೆ ಬಿಐಎಸ್ ಕೊಡುವ ಐಎಸ್‌ಐ ಗುರುತು 2001ರ ಮಾರ್ಚ್‌ನಿಂದ ಕಡ್ಡಾಯವಾಗಿತ್ತು. 2024ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆ ಕಡ್ಡಾಯವನ್ನು ಕೈಬಿಟ್ಟಿತು. ನವೆಂಬರ್ ಕೊನೆಗೆ ಇದೇ ನೀರನ್ನು ಹೆಚ್ಚಿನ ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿ, ವರ್ಷಕ್ಕೊಮ್ಮೆ ತಪಾಸಣೆ ಹಾಗೂ ಹೊರಗಿನವರಿಂದ ಆಹಾರ ಸುರಕ್ಷತೆಯ ಆಡಿಟ್ ಆಗಬೇಕೆಂದಿತು. ಎರಡು ಸಂಸ್ಥೆಗಳ ಮುಂದೆ ಒಂದೇ ಕಾಗದ ಹಿಡಿದು ನಿಲ್ಲುವ ಕಷ್ಟ ಸಣ್ಣ ಘಟಕಗಳಿಗೆ ತಪ್ಪಿದ್ದು ಒಳ್ಳೆಯದೇ ಎಂದು ಒಪ್ಪುತ್ತೇನೆ. ಆದರೂ ವರ್ಷಕ್ಕೊಮ್ಮೆ ಬರುವ ತಪಾಸಣೆ ದಿನದಿನದ ಪ್ಲೇಟಿನ ಜಾಗ ತುಂಬಲಾರದು ಎಂಬ ಆತಂಕ ನನಗಿತ್ತು. ನಾವು ಪರವಾನಗಿ ಪಡೆದಾಗ ಘಟಕದೊಳಗೇ ಪ್ರಯೋಗಾಲಯ ಕಟ್ಟಿಸಿದ್ದು ಐಎಸ್‌ಐ ಷರತ್ತಿನಿಂದಲೇ.

ಗುರುತನ್ನು ಬಿಟ್ಟರೆ ಉಳಿತಾಯವಾಗುವ ಶುಲ್ಕವೆಷ್ಟು ಎಂದು ಯಜಮಾನರು ಆ ಡಿಸೆಂಬರ್‌ನಲ್ಲಿ ಕೇಳಿದರು. ಲೆಕ್ಕ ಹಾಕಿಕೊಟ್ಟೆ; ಜೊತೆಗೆ ಆ ಏಪ್ರಿಲ್ ತಿಂಗಳ ದಾಖಲೆ ಪುಟದ ಪ್ರತಿಯನ್ನೂ ಇಟ್ಟೆ. ಎರಡು ವಾರಗಳ ಬಳಿಕ ಐಎಸ್‌ಐ ಗುರುತಿನ ನವೀಕರಣದ ಅರ್ಜಿಗೆ ಸಹಿ ಹಾಕಿ ನನ್ನ ಮೇಜಿಗೆ ಕಳುಹಿಸಿದರು, ಹೊಸ ಇನ್‌ಕ್ಯುಬೇಟರಿನ ಬೆಲೆಪಟ್ಟಿ ತರಿಸುವಂತೆ ಅದರ ಅಂಚಿನಲ್ಲಿ ಬರೆದಿದ್ದರು.