ಹೋಂಸ್ಟೇ ಬುಕ್ ಮಾಡೋ ಮುಂಚೆ ವಿಡಿಯೋ ಕಾಲ್ ಮಾಡಿ

ಚಿಕ್ಕಮಗಳೂರು, ಕೊಡಗಿನ ಕಡೆ ಹೊರಟವರಿಗೆ ಒಂದು ಮಾತು. ಮನೆಮಂದಿ ಎಂಟು ಜನ ಅಂದ್ರೆ ಹೋಟೆಲಿಗಿಂತ ಹೋಂಸ್ಟೇನೇ ವಾಸಿ. ಅಜ್ಜಿಗೆ ರಾತ್ರಿ ಗಂಜಿ ಬೇಕಂದ್ರೂ ಸಿಗತ್ತೆ. ಆದ್ರೆ ಫೋಟೋ ನೋಡಿ ದುಡ್ಡು ಹಾಕಬೇಡಿ. ನಾವು ಒಮ್ಮೆ ‘ತೋಟದ ನೋಟ’ ಅಂತ ನಂಬಿ ಹೋಗಿ ಕಿಟಕಿ ತೆಗೆದ್ರೆ, ಪಕ್ಕದ ಮನೆಯ ನೀರಿನ ಟ್ಯಾಂಕು!

ಈಗ ಮಾಲೀಕರಿಗೆ ವಿಡಿಯೋ ಕಾಲ್ ಮಾಡಿ, ಗೇಟಿಂದ ಬಚ್ಚಲಮನೆ ತನಕ ನಡೆದು ತೋರಿಸಿ ಅಂತೀನಿ. ಅಸಲಿ ಮನೆಯವರು ಬೇಜಾರು ಮಾಡ್ಕೊಳ್ಳಲ್ಲ. ನೆಪ ಹೇಳಿದ್ರೆ ಬಿಟ್ಟುಬಿಡಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಅಂತಲೂ ಕೇಳಿ.

ದುಡ್ಡಿನ ಗೊಂದಲ ಆಗೋದು ಇಲ್ಲೇ: ಮಲೆನಾಡಲ್ಲಿ ಎಷ್ಟೋ ಕಡೆ ದರ ರೂಮಿಗಲ್ಲ, ತಲೆಗೆ. ಊಟ ಎಷ್ಟು ಹೊತ್ತಿಂದು, ಮಕ್ಕಳಿಗೆಷ್ಟು, ಕ್ಯಾನ್ಸಲ್ ಮಾಡಿದ್ರೆ ಮುಂಗಡ ವಾಪಸಾ, ಎಲ್ಲ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ಪೂರ್ತಿ ಹಣ ಮೊದಲೇ ಕೇಳಿದ್ರೆ ನಾನಂತೂ ಹೋಗಲ್ಲ.

ಕೊನೆಯ ಎರಡು ಕಿಲೋಮೀಟರಿಗೆ ಸಣ್ಣ ಕಾರು ಬರತ್ತಾ, ಕರೆಂಟ್ ಹೋದ್ರೆ ಏನು ವ್ಯವಸ್ಥೆ ಅಂತ ಕೇಳೋದು ಮರೀಬೇಡಿ. ಮಳೆಗಾಲದಲ್ಲಾದ್ರೆ ಇಂಬಳಕ್ಕೆ (ರಕ್ತ ಹೀರೋ ಜಿಗಣೆ) ಒಂದು ಪೊಟ್ಟಣ ಉಪ್ಪು ಜೇಬಲ್ಲಿರಲಿ.