ಜಪಾನಿ ಸೇನಾ ಖಡ್ಗವನ್ನು ಗುರುತಿಸುವ ಬಗೆ
ಮುಂಬೈಯ ಚೋರ್ ಬಜಾರಿನಲ್ಲಿ ಜಪಾನಿ ಸೇನೆಯದೆಂದು ಹೇಳುವ ಖಡ್ಗ ಕಣ್ಣಿಗೆ ಬಿದ್ದಾಗ, ಕನ್ನಡಿಗ ಸಂಗ್ರಾಹಕರು ಮಾರುವವರ ಕಥೆಗಿಂತ ಮೊದಲು ಅದರ ಹಿಡಿಯನ್ನು ಗಮನಿಸಬೇಕು. 1935ರ ಮಾದರಿಯ, ಅಧಿಕಾರಿಗಳಲ್ಲದ ದರ್ಜೆಯವರಿಗೆ ಕೊಡುತ್ತಿದ್ದ ಕತ್ತಿಯ ಹಿಡಿ ಸಾಮಾನ್ಯವಾಗಿ ಎರಕದ ಲೋಹದ್ದಾಗಿದ್ದು, ಸುತ್ತಿದ ಪಟ್ಟಿಯಂತೆ ಕಾಣುವುದು ಬರಿಯ ಅಚ್ಚು. ಅದರ ಅಲಗಿನ ಮೇಲೆ ಒತ್ತಿದ ಕ್ರಮಸಂಖ್ಯೆ ಒರೆಯ ಸಂಖ್ಯೆಗೆ ಹೊಂದಬೇಕು. ಅಧಿಕಾರಿಗಳ 1934 ಮತ್ತು 1938ರ ಮಾದರಿಗಳಲ್ಲಿ ತೊರಕೆ ಮೀನಿನ ಚರ್ಮದ ಮೇಲೆ ನಿಜವಾದ ಪಟ್ಟಿ ಸುತ್ತಿದ್ದು, ಲೋಹದ ಭಾಗಗಳಲ್ಲಿ ಚೆರ್ರಿ ಹೂವಿನ ಉಬ್ಬುಚಿತ್ತಾರವಿರುತ್ತದೆ. ಹಿಡಿಗೆ ಕಟ್ಟುವ ಕುಚ್ಚಿನ ಬಣ್ಣ ದರ್ಜೆಯನ್ನು ಸೂಚಿಸುತ್ತದೆಯಾದರೂ ಅದನ್ನು ಬದಲಿಸುವುದು ಸುಲಭವಾದ್ದರಿಂದ ಅದೊಂದನ್ನೇ ನಂಬುವುದು ಸರಿಯಲ್ಲ.

ನಿಜವಾದ ಸಾಕ್ಷ್ಯ ಹಿಡಿಯೊಳಗೆ ಅಡಗಿರುವ ಅಲಗಿನ ಬುಡದಲ್ಲಿದೆ. ಅಧಿಕಾರಿಗಳ ಕತ್ತಿಯಲ್ಲಿ ಬಿದಿರಿನ ಗೂಟವನ್ನು ಮೆಲ್ಲನೆ ಹೊರದೂಡಿ ಹಿಡಿಯನ್ನು ಬಿಡಿಸಿದರೆ ಕಮ್ಮಾರನ ಹೆಸರು, ಕೆಲವೊಮ್ಮೆ ತಯಾರಾದ ತಿಂಗಳು, ವರ್ಷ ಕಾಣಬಹುದು. ಪುಟ್ಟ ಪರಿಶೀಲನಾ ಮುದ್ರೆಯಿದ್ದರೆ ಅದು ಸಾಮಾನ್ಯವಾಗಿ ಯುದ್ಧಕಾಲದ, ಸಾಂಪ್ರದಾಯಿಕವಲ್ಲದ ಅಲಗು. ಅಲ್ಲಿಯ ಕಪ್ಪು ತುಕ್ಕು ವಯಸ್ಸಿನ ಗುರುತು. ಅದನ್ನು ಎಂದಿಗೂ ಉಜ್ಜಬಾರದು, ಉಜ್ಜಿದರೆ ಖಡ್ಗದ ಚರಿತ್ರೆಯೇ ಅಳಿಯುತ್ತದೆ. ಕೊಳ್ಳುವ ಮುನ್ನ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕೇ ಎಂದು ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳಿ.